ಗ್ರಾಮೀಣ ಪ್ರೌಢಶಾಲೆಗಳಲ್ಲಿ ವೃತ್ತಿ ಶಿಕ್ಷಣ

ಗ್ರಾಮಾಂತರ ಪ್ರದೇಶದ ಪ್ರೌಢಶಾಲೆಗಳಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಜೊತೆಗೆ ಕೈಕೆಲಸ, ತೋಟಗಾರಿಕೆ, ಹೊಲಿಗೆ, ಮರಗೆಲಸ, ಯಂತ್ರಗೆಲಸ, ಈಚೆಗೆ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ ಮುಂತಾದವನ್ನು ಕಲಿಸುವ ಏರ್ಪಾಡು. ಕರ್ನಾಟಕದಲ್ಲಿ ಪ್ರೌಢಶಾಲೆಯೆಂದರೆ 8ರಿಂದ 10ನೇ ತರಗತಿ. ಮಕ್ಕಳ ವಯಸ್ಸು ಹೆಚ್ಚುಕಡಿಮೆ 13ರಿಂದ 16. ಹಳ್ಳಿಯ ಎಷ್ಟೋ ಮಕ್ಕಳ ಓದು ಇಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಇಲ್ಲಿಂದ ಹೊರಬೀಳುವಾಗ ಕೈಯಲ್ಲೊಂದು ಕಸುಬು ಇರಲಿ ಎಂಬ ಮಾತು ಒಂದೂವರೆ ಶತಮಾನದಿಂದ ಕೇಳಿಬರುತ್ತಿದೆ.

ಈ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಮೊದಲನೆಯದು, ಎಲ್ಲ ಮಕ್ಕಳಿಗೂ ವಾರಕ್ಕೊಂದೆರಡು ಪೀರಿಯಡ್ ಸಿಗುವ ಕೈಕೆಲಸ. ಇದರ ಉದ್ದೇಶ ಕಸುಬುದಾರರನ್ನು ತಯಾರು ಮಾಡುವುದಲ್ಲ, ಕೈಯ ಮೂಲಕ ಬುದ್ಧಿಯನ್ನು ಬೆಳೆಸುವುದು. ಎರಡನೆಯದು, ಕೆಲವರು ಆಯ್ದುಕೊಂಡು ಪರೀಕ್ಷೆ ಬರೆಯುವ ವೃತ್ತಿ ವಿಷಯ. ಮೂರನೆಯದು, ಮೊದಲಿನಿಂದ ಕೊನೆಯವರೆಗೂ ತಾಂತ್ರಿಕವೇ ಆದ ಪ್ರತ್ಯೇಕ ಶಾಲೆ. ಒಂದರ ಗುರಿಯನ್ನು ಇನ್ನೊಂದರ ಮೇಲೆ ಹೊರಿಸಿದಾಗಲೆಲ್ಲ ಯೋಜನೆ ಕುಂಟಿದೆ. ಇನ್ನು ಆಯೋಗಗಳ ವರದಿಗಳು ಏನೇ ಹೇಳಲಿ, ಹಳ್ಳಿಯ ಶಾಲೆಯಲ್ಲಿ ಈ ತರಗತಿ ನಡೆಯುತ್ತದೋ ಇಲ್ಲವೋ ಎಂಬುದನ್ನು ನಿಜವಾಗಿ ತೀರ್ಮಾನಿಸಿದವು ಮೂರೇ: ಅಂಕಪಟ್ಟಿಯಲ್ಲಿ ಅದಕ್ಕಿರುವ ಜಾಗ, ಕಲಿಸುವವರ ಕೈಚಳಕ, ಬಟ್ಟೆ-ಬೀಜ-ಕಬ್ಬಿಣ ಕೊಳ್ಳಲು ದುಡ್ಡು.

ಹಿನ್ನೆಲೆ

1854ರ ವುಡ್ ಪತ್ರ ಜನಸಾಮಾನ್ಯರಿಗೆ ಬದುಕಿನಲ್ಲಿ ಉಪಯೋಗಕ್ಕೆ ಬರುವ ವಿದ್ಯೆ ಬೇಕೆಂದು ಹೇಳಿತ್ತು. 1882ರ ಹಂಟರ್ ಆಯೋಗ ಒಂದು ಹೆಜ್ಜೆ ಮುಂದೆ ಹೋಗಿ, ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಎರಡು ಕವಲು ಇರಲಿ, ಒಂದು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಹೋಗಲಿ, ಇನ್ನೊಂದು ವ್ಯಾಪಾರ ಮತ್ತು ಪ್ರಾಯೋಗಿಕ ಕೆಲಸಗಳಿಗೆ ತಯಾರು ಮಾಡಲಿ ಎಂದಿತು. ಎರಡನೆಯ ಕವಲಿಗೆ ಹೋದವರು ತೀರ ಕಡಿಮೆ. ಮೆಟ್ರಿಕ್ಯುಲೇಶನ್ ಮುಗಿಸಿದವನಿಗೆ ಕಚೇರಿಯ ಕುರ್ಚಿ ಕಾದಿರುವಾಗ ಬಡಗಿಯ ಉಳಿ ಹಿಡಿಯಲು ಯಾರು ಬಂದಾರು?

ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಂಥ ಕಡೆ ಮರಗೆಲಸ, ಬೀಟೆ ಮರದ ಕುಸುರಿಯಂಥ ಕಸುಬುಗಳನ್ನು ಕ್ರಮವಾಗಿ ಕಲಿಸಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಶುರುವಾಯಿತು, ಕೈಗಾರಿಕಾ ಶಿಕ್ಷಣಕ್ಕೆ ಒತ್ತು ಸಿಕ್ಕಿತು. ಆದರೆ ಇವೆಲ್ಲ ಸಾಮಾನ್ಯ ಹೈಸ್ಕೂಲಿನ ಹೊರಗೆ ನಿಂತ ಸಂಸ್ಥೆಗಳು. ಓದುವ ಶಾಲೆ ಬೇರೆ, ಕೆಲಸ ಕಲಿಯುವ ಶಾಲೆ ಬೇರೆ ಎಂಬ ಗೋಡೆ ಹಾಗೇ ಉಳಿಯಿತು.

ವಾರ್ಧಾ ಯೋಜನೆ

ಆ ಗೋಡೆಯನ್ನು ಕೆಡವಲು ಹೊರಟವರು ಗಾಂಧೀಜಿ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದ ನಂತರ ಡಾ. ಜಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಏಳು ವರ್ಷಗಳ ಮೂಲಶಿಕ್ಷಣದ ಪಠ್ಯಕ್ರಮ ರೂಪಿಸಿತು. ಅದರ ದಿನಚರಿಯನ್ನು ಈಗ ಓದಿದರೂ ಬೆರಗಾಗುತ್ತದೆ. ದಿನದ 5 ಗಂಟೆ 30 ನಿಮಿಷದಲ್ಲಿ ಮೂಲ ಕಸುಬಿಗೆ 3 ಗಂಟೆ 20 ನಿಮಿಷ, ಸಂಗೀತ-ಚಿತ್ರಕಲೆ-ಗಣಿತಕ್ಕೆ 40 ನಿಮಿಷ, ಮಾತೃಭಾಷೆಗೆ 40 ನಿಮಿಷ, ಸಮಾಜ ಪಾಠ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30 ನಿಮಿಷ, ವ್ಯಾಯಾಮಕ್ಕೆ 10 ನಿಮಿಷ, ಬಿಡುವು 10 ನಿಮಿಷ. ಕಸುಬು ಇಲ್ಲಿ ಪಾಠಗಳ ನಡುವಿನ ಒಂದು ಪೀರಿಯಡ್ ಅಲ್ಲ. ಉಳಿದ ಪಾಠಗಳೆಲ್ಲ ಅದರಿಂದಲೇ ಹುಟ್ಟಬೇಕು. ಇದಕ್ಕೆ ಸಮವಾಯ ಪದ್ಧತಿ ಎಂದು ಹೆಸರು.

ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನೂಲುವುದನ್ನೇ ನೋಡಬಹುದು. ಮಗು ಹಂಜಿಯಿಂದ ತಕಲಿಯಲ್ಲಿ ನೂಲು ತೆಗೆದು, ಸುತ್ತಿ ಲಡಿ ಮಾಡುತ್ತದೆ. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ನೂಲಿನ ನಂಬರು. 20 ಲಡಿ ತೂಗಿದರೆ 20ನೇ ನಂಬರು. ನೂಲು ತೆಳ್ಳಗಾದಷ್ಟೂ ನಂಬರು ಏರುತ್ತದೆ. ಏಕೆ ಏರುತ್ತದೆ ಎಂದು ಕೇಳಿದ ಮಗುವಿಗೆ ವಿಲೋಮ ಅನುಪಾತ ಕಪ್ಪುಹಲಗೆಯಿಲ್ಲದೆಯೇ ಸಿಕ್ಕಿತು. ಹತ್ತಿ ಎಲ್ಲಿ ಬೆಳೆಯುತ್ತದೆ, ಯಾವ ಮಣ್ಣಿನಲ್ಲಿ, ಯಾರ ಗಿರಣಿಗೆ ಹೋಗುತ್ತಿತ್ತು ಎನ್ನುತ್ತ ಹೋದರೆ ಭೂಗೋಳವೂ ಇತಿಹಾಸವೂ ಬಂದವು. ಒಳ್ಳೆಯ ಶಿಕ್ಷಕರ ಕೈಯಲ್ಲಿ ಇದು ಸಾಧ್ಯವಿತ್ತು. ಸಾಧಾರಣ ಶಿಕ್ಷಕರ ಕೈಯಲ್ಲಿ ತಕಲಿ ತಿರುಗಿತು, ಪಾಠ ತಿರುಗಲಿಲ್ಲ.

ಯೋಜನೆಗೆ ಪೆಟ್ಟು ಕೊಟ್ಟದ್ದು ಅದರ ಇನ್ನೊಂದು ಕಾಲು. ಮಕ್ಕಳು ತಯಾರಿಸಿದ್ದನ್ನು ಮಾರಿ ಶಾಲೆಯ ಖರ್ಚು, ಮುಖ್ಯವಾಗಿ ಮೇಷ್ಟ್ರ ಸಂಬಳ ಹುಟ್ಟಬೇಕೆಂಬ ಸ್ವಾವಲಂಬನೆಯ ನಿರೀಕ್ಷೆ ಅದರಲ್ಲಿತ್ತು. ಎಳೆಯರ ನೂಲಿಗೆ ಅಷ್ಟು ಗಿರಾಕಿ ಎಲ್ಲಿ? ಶಾಲೆಯನ್ನು ಕಾರ್ಖಾನೆ ಮಾಡುತ್ತಿದ್ದಾರೆಂಬ ಆಕ್ಷೇಪವೂ ಬಂತು. ಹಳ್ಳಿಯ ಮಕ್ಕಳಿಗೆ ಚರಕ, ಪಟ್ಟಣದ ಮಕ್ಕಳಿಗೆ ಇಂಗ್ಲಿಷ್ ಎಂಬ ಭೇದ ನಡೆಯುತ್ತಿರುವುದು ಹಳ್ಳಿಯವರ ಕಣ್ಣಿಗೆ ಬೀಳದೆ ಇರಲಿಲ್ಲ.

ಈ ಅನುಮಾನ ಎಷ್ಟು ಆಳದ್ದು ಎಂಬುದು ಮದ್ರಾಸಿನಲ್ಲಿ ಗೊತ್ತಾಯಿತು. 1953ರಲ್ಲಿ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಹೊತ್ತನ್ನು 3 ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯಲ್ಲಿ ಅಪ್ಪನ ಕಸುಬು ಕಲಿಯಲಿ ಎಂದರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲೇ ಇತ್ತು. ಇದು ಕುಲಕಸುಬಿನ ಶಿಕ್ಷಣ, ಚಮ್ಮಾರನ ಮಗ ಚಮ್ಮಾರನಾಗಿಯೇ ಇರಲಿ ಎಂಬ ಹುನ್ನಾರ ಎಂದು ದ್ರಾವಿಡ ಚಳವಳಿ ಸಿಡಿದೆದ್ದಿತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅಂದಿನಿಂದ ಹಳ್ಳಿ ಶಾಲೆಯಲ್ಲಿ ವೃತ್ತಿ ಎಂಬ ಮಾತು ಎತ್ತಿದ ಯಾರೂ ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ: ಯಾರ ಮಗುವಿಗೆ ಯಾವ ವೃತ್ತಿ, ಮತ್ತು ಆರಿಸುವವರು ಯಾರು?

ಆಯೋಗಗಳ ಕಾಲ

ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ನೇತೃತ್ವದ ಮಾಧ್ಯಮಿಕ ಶಿಕ್ಷಣ ಆಯೋಗ (1952–53) ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳು ಒಂದೇ ಸೂರಿನಡಿ ಇರಬೇಕು, ಯಾವ ಗುಂಪಿನವರೇ ಆಗಲಿ ಒಂದು ಕೈಕೆಲಸ ಕಲಿಯಬೇಕು. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಯೋಜನೆ. ತಾಂತ್ರಿಕ ಮತ್ತು ಕೃಷಿ ಗುಂಪುಗಳಿಗೆ ಶಿಕ್ಷಕರೇ ಸಿಗಲಿಲ್ಲ. ಅವರನ್ನು ತಯಾರು ಮಾಡಲೆಂದೇ 1963ರಲ್ಲಿ ಅಜ್ಮೇರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ತೆರೆದವು. ಅಷ್ಟರಲ್ಲಿ ಬಹೂದ್ದೇಶ ಶಾಲೆಗಳ ಮೇಲಿನ ಹುರುಪು ಇಳಿದಿತ್ತು; ಮೂರೇ ವರ್ಷಕ್ಕೆ ಕೊಠಾರಿ ಆಯೋಗದ ವರದಿ ಬಂದು ದಿಕ್ಕು ಬದಲಿಸಿತು. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಆ ಕಾಲೇಜು ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾಗಿ ವಿಜ್ಞಾನ ಮತ್ತು ಶಿಕ್ಷಣಶಾಸ್ತ್ರಕ್ಕೆ ಹೆಸರಾಗಿದೆ. ಹಳ್ಳಿ ಹೈಸ್ಕೂಲಿಗೆ ಕೃಷಿ ಮೇಷ್ಟ್ರನ್ನು ಕೊಡಲು ಹುಟ್ಟಿದ ಸಂಸ್ಥೆ ಅದು ಎಂಬುದು ಅಲ್ಲಿ ಓದುವ ಅನೇಕರಿಗೆ ತಿಳಿಯದು.

ಡಿ.ಎಸ್. ಕೊಠಾರಿ ಆಯೋಗ (1964–66) ಎಲ್ಲರಿಗೂ ಕಾರ್ಯಾನುಭವ ಇರಲಿ ಎಂದಿತು. ಜೊತೆಗೆ 1986ರ ಹೊತ್ತಿಗೆ ಕೆಳ ಮಾಧ್ಯಮಿಕ ಹಂತದ ಶೇ. 20 ಮತ್ತು ಮೇಲಿನ ಹಂತದ ಶೇ. 50 ವಿದ್ಯಾರ್ಥಿಗಳು ವೃತ್ತಿ ಕೋರ್ಸುಗಳಲ್ಲಿ ಇರಬೇಕೆಂದು ಗುರಿ ಇಟ್ಟಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಕಾರ್ಯಾನುಭವವನ್ನು ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ಮರುರೂಪಿಸಿತು. ಮರುವರ್ಷ ಮಾಲ್ಕಮ್ ಆದಿಶೇಷಯ್ಯ ಸಮಿತಿ ಹನ್ನೊಂದು-ಹನ್ನೆರಡನೆಯ ತರಗತಿಗಳ ವೃತ್ತೀಕರಣವನ್ನು ಎತ್ತಿಕೊಂಡಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ 1990ಕ್ಕೆ ಶೇ. 10, 1995ಕ್ಕೆ ಶೇ. 25 ಎಂದಿತು, 1992ರ ಪರಿಷ್ಕರಣೆ ಅದೇ ಅಂಕಿಗಳನ್ನು 1995 ಮತ್ತು 2000ಕ್ಕೆ ಮುಂದೂಡಿತು. 2020ರ ನೀತಿ 2025ಕ್ಕೆ ಶೇ. 50 ಎಂದು ಬರೆಯಿತು. ಗುರಿ ಮುಟ್ಟದಿದ್ದಾಗ ಗುರಿಯನ್ನೇ ದೊಡ್ಡದು ಮಾಡುವ ಈ ಚಾಳಿ ಬೇರೆ ಯಾವ ಶಾಲಾ ವಿಷಯಕ್ಕೂ ಇಷ್ಟು ಅಂಟಿಲ್ಲ.

ಕ್ರಾಫ್ಟ್ ಪೀರಿಯಡ್

ಇಷ್ಟೆಲ್ಲ ವರದಿಗಳು ಹಳ್ಳಿ ಹೈಸ್ಕೂಲಿನ ವೇಳಾಪಟ್ಟಿಗೆ ಇಳಿದು ಬಂದದ್ದು ಕ್ರಾಫ್ಟ್ ಪೀರಿಯಡ್ ಆಗಿ. ಅದು ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಮೇಲಿನ ಪೀರಿಯಡ್. ಗಂಡುಮಕ್ಕಳಿಗೆ ತೋಟಗಾರಿಕೆ ಅಥವಾ ಮರಗೆಲಸ, ಹೆಣ್ಣುಮಕ್ಕಳಿಗೆ ಹೊಲಿಗೆ ಎಂದು ಹಂಚಿಕೆ. ಕಲಿಸುವವರು ಊರಿಗೆಲ್ಲ ಕ್ರಾಫ್ಟ್ ಮೇಷ್ಟ್ರು, ಹೊಲಿಗೆ ಟೀಚರ್. ಚಿತ್ರಕಲೆ, ಸಂಗೀತ, ದೈಹಿಕ ಶಿಕ್ಷಕರಂತೆ ಇವರದೂ ವಿಶೇಷ ಶಿಕ್ಷಕರ ಸಾಲು. ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ತರಗತಿಯನ್ನು ನೋಡಿಕೊಳ್ಳುವುದು ಇವರ ಪಾಲಿಗೆ. ಪರೀಕ್ಷೆ ಹತ್ತಿರ ಬಂದಾಗ ಇವರ ಪೀರಿಯಡ್ ಗಣಿತದ ಪಾಲಿಗೆ.

ಹೊಲಿಗೆ ತರಗತಿ ಚೆನ್ನಾಗಿ ನಡೆಯುತ್ತಿದ್ದ ಶಾಲೆಗಳಲ್ಲಿ ಅದಕ್ಕೊಂದು ಕ್ರಮವಿತ್ತು. ಎಂಟನೆಯ ತರಗತಿಯಲ್ಲಿ ಮೊದಲು ಮಷಿನ್ ಮುಟ್ಟುವಂತಿಲ್ಲ. ಅಂಗೈಯಗಲದ ಬಟ್ಟೆಯ ತುಂಡುಗಳ ಮೇಲೆ ಕಚ್ಚಾ ಹೊಲಿಗೆ, ಹೆಮ್ಮಿಂಗ್, ಕಾಜ, ಗುಂಡಿ, ಹುಕ್ಕು. ಒಂದೊಂದನ್ನೂ ಮಾಡಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಬೇಕು. ಕಾಜದ ಹೊಲಿಗೆ ಒತ್ತೊತ್ತಾಗಿ ಬರದಿದ್ದರೆ ಟೀಚರ್ ಬಿಚ್ಚಿಸಿ ಮತ್ತೆ ಹಾಕಿಸುವರು. ಆಮೇಲೆ ಕಾಗದದ ಕಟಿಂಗ್. ನಿಜವಾದ ಅಳತೆಯ ನಾಲ್ಕನೆಯ ಒಂದು ಭಾಗಕ್ಕೆ ಇಳಿಸಿ ಲಂಗ, ಜಬಲ, ರವಿಕೆಗಳ ನಕ್ಷೆ ಬರೆಯುವುದು, ಎದೆಸುತ್ತಳತೆಯನ್ನು 4ರಿಂದ ಭಾಗಿಸಿ ಸಡಿಲಕ್ಕೆ ಒಂದಿಷ್ಟು ಸೇರಿಸುವುದು, ಕಂಕುಳಿನ ಬಳಿ ಗೆರೆಯನ್ನು ಬಾಗಿಸುವುದು. ಗಣಿತದಲ್ಲಿ ಭಿನ್ನರಾಶಿಗೆ ಹೆದರುವ ಹುಡುಗಿ ಇಲ್ಲಿ ಒಂಬತ್ತೂಕಾಲು ಇಂಚನ್ನು ಎರಡು ಭಾಗ ಮಾಡುವಾಗ ತಡವರಿಸುವುದಿಲ್ಲ. ಕಾಲಿನಿಂದ ತುಳಿಯುವ ಎರಡು ಮೂರು ಮಷಿನ್‌ಗಳಿಗೆ ನಲವತ್ತು ಮಕ್ಕಳು. ಸರದಿ ಬಂದಾಗ ನೇರ ಗೆರೆಯ ಮೇಲೆ ಹೊಲಿಗೆ ಓಡಿಸುವ ಹೊತ್ತಿಗೆ ಗಂಟೆ ಬಾರಿಸುತ್ತದೆ. ಬಾಬಿನ್ ಸಿಕ್ಕಿಕೊಂಡರೆ ಅದನ್ನು ಬಿಚ್ಚಿ ಹಾಕುವುದರಲ್ಲೇ ಪೀರಿಯಡ್ ಮುಗಿಯುವುದೂ ಉಂಟು.

ತೋಟಗಾರಿಕೆ ನಿಂತಿರುವುದು ನೀರಿನ ಮೇಲೆ. ಶಾಲೆಯಲ್ಲಿ ಬೋರ್‌ವೆಲ್ ಇದ್ದರೆ ಪಾತಿ ಮಾಡಿ ಸೊಪ್ಪು, ಬದನೆ, ನುಗ್ಗೆ ಬೆಳೆಸಬಹುದು. ಗೂಟಿ, ಕಣ್ಣುಕಸಿ ಕಲಿಸಬಹುದು. ಇಲ್ಲದಿದ್ದರೆ ಮಳೆಗಾಲಕ್ಕೆ ಸಸಿ ನೆಟ್ಟು ಬೇಸಿಗೆ ರಜೆಗೆ ಒಣಗಿಸುವುದೇ ವಾರ್ಷಿಕ ಪಾಠ. ಏಪ್ರಿಲ್-ಮೇ ರಜೆ ಬೆಳೆಯ ಪಂಚಾಂಗಕ್ಕೆ ಹೊಂದುವುದಿಲ್ಲ ಎಂಬುದು ಈ ವಿಷಯದ ಹುಟ್ಟು ತೊಡಕು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಮುಂದೆ ಪ್ರೌಢಶಾಲೆಗಳಿಗೂ ವಿಸ್ತರಿಸಿದ ಮೇಲೆ ಶಾಲಾ ಕೈತೋಟಕ್ಕೊಂದು ಹೊಸ ಕಾರಣ ಸಿಕ್ಕಿತು. ತಾವು ಬೆಳೆದ ನುಗ್ಗೆಸೊಪ್ಪು ಮಧ್ಯಾಹ್ನದ ಸಾರಿಗೆ ಬೀಳುವುದನ್ನು ಮಕ್ಕಳು ಕಾಣುತ್ತಾರೆ. ಸ್ವಾವಲಂಬನೆಯ ಹಳೆಯ ಕನಸು ಮೇಷ್ಟ್ರ ಸಂಬಳ ಹುಟ್ಟಿಸದಿದ್ದರೂ ಸಾರಿಗೆ ಸೊಪ್ಪು ಕೊಟ್ಟಿತು.

ಪ್ರಶ್ನೆ ಬಂದದ್ದು ಅಂಕದಲ್ಲಿ. ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕ 625: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಕಾರ್ಯಾನುಭವ, ಚಿತ್ರಕಲೆ, ದೈಹಿಕ ಶಿಕ್ಷಣಗಳು ಇದರ ಹೊರಗೆ ಶಾಲೆಯಲ್ಲೇ ಕೊಡುವ ಗ್ರೇಡುಗಳು. ಮುಂದಿನ ಪ್ರವೇಶಕ್ಕೆ ಆ ಗ್ರೇಡನ್ನು ಯಾರೂ ಕೇಳುವುದಿಲ್ಲ. ಹೀಗಾಗಿ ಮಾರ್ಚ್ ಹತ್ತಿರವಾಗುತ್ತಿದ್ದಂತೆ ಹೊಲಿಗೆ ಮಷಿನ್‌ಗಳ ಮೇಲೆ ಮುಸುಕು ಬೀಳುತ್ತದೆ, ವಿಶೇಷ ತರಗತಿಗಳು ಶುರುವಾಗುತ್ತವೆ. ಹೊಲಿಗೆ, ನೇಯ್ಗೆ, ತೋಟಗಾರಿಕೆಯ ಶಿಕ್ಷಕರು ನಿವೃತ್ತರಾದ ಕಡೆ ಜಾಗ ತುಂಬದೆ ಉಳಿದದ್ದು, ಬೇರೆ ವಿಷಯದವರೊಬ್ಬರು ಗ್ರೇಡು ಬರೆದು ಮುಗಿಸುವುದು ಸಾಮಾನ್ಯ ನೋಟ.

ಕಿರಿಯ ತಾಂತ್ರಿಕ ಶಾಲೆಗಳು

ಪ್ರತ್ಯೇಕ ಶಾಲೆಯ ಮಾದರಿಗೆ ಕರ್ನಾಟಕದ ಉದಾಹರಣೆ ಜೆ.ಟಿ.ಎಸ್. ಎಂದು ಕರೆಯುವ ಕಿರಿಯ ತಾಂತ್ರಿಕ ಶಾಲೆ. ಇದು ತಾಂತ್ರಿಕ ಶಿಕ್ಷಣ ಇಲಾಖೆಗೆ ಸೇರಿದ್ದು. ಓದು 8ರಿಂದ 10ರವರೆಗೆ. ಭಾಷೆ, ಗಣಿತ, ವಿಜ್ಞಾನಗಳ ಜೊತೆಗೆ ಯಂತ್ರ ಮತ್ತು ವಿದ್ಯುತ್ ಶಾಸ್ತ್ರದ ಮೂಲಾಂಶ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮತ್ತು ಎಂಜಿನಿಯರಿಂಗ್ ಡ್ರಾಯಿಂಗ್ ಇರುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಈ ವಿಷಯಗಳ ಹೆಸರನ್ನು ಈಗಲೂ ಕಾಣಬಹುದು. ಅಂಕಪಟ್ಟಿಯ ಒಳಗೇ ಇರುವುದರಿಂದ ಕ್ರಾಫ್ಟ್ ಪೀರಿಯಡ್ಡಿಗೆ ಬಂದ ಗತಿ ಇದಕ್ಕೆ ಬರಲಿಲ್ಲ.

ಇಲ್ಲಿನ ವರ್ಕ್‌ಶಾಪಿನ ಮೊದಲ ಪಾಠ ಫೈಲ್ ಹಿಡಿಯುವುದು. ಬೆಂಚ್ ವೈಸ್‌ಗೆ ಕಚ್ಚಿಸಿದ ಕಬ್ಬಿಣದ ತುಂಡನ್ನು ಉಜ್ಜಿ ಉಜ್ಜಿ ಚಪ್ಪಟೆ ಮಾಡಬೇಕು. ಹೊಸಬರು ಕೈಯನ್ನು ತೂಗಾಡಿಸುವುದರಿಂದ ನಡುವೆ ಉಬ್ಬು ಉಳಿದು ಅಂಚು ಸವೆಯುತ್ತದೆ. ಮೂಲೆಮಟ್ಟವನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಇಣುಕುತ್ತದೆ. ಬೆಳಕು ಕಾಣದಾಗುವವರೆಗೂ ಮತ್ತೆ ಫೈಲ್. ಕಡೆಗೆ ಒಂದು ತುಂಡಿನ ಚೌಕ ಇನ್ನೊಂದರ ಗುಳಿಯಲ್ಲಿ ಅಲುಗದೆ ಕೂರಬೇಕು. ಇದನ್ನು ಮಾಡಿದ ಹುಡುಗನಿಗೆ ಐಟಿಐ ಅಥವಾ ಪಾಲಿಟೆಕ್ನಿಕ್ಕಿನ ಮೊದಲ ವರ್ಷ ಹೊಸತೆನಿಸುವುದಿಲ್ಲ. ಈ ಶಾಲೆಗಳ ಸಂಖ್ಯೆ ಮಾತ್ರ ಎಂದೂ ದೊಡ್ಡದಾಗಿರಲಿಲ್ಲ, ಅವು ಹಳ್ಳಿಗಿಂತ ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಿಗೆ ಹತ್ತಿರ, ಹುಡುಗಿಯರು ಅಲ್ಲಿ ವಿರಳ.

ಹೈಸ್ಕೂಲಿನ ಮೇಲಿನ ಹಂತದಲ್ಲಿ, ಪದವಿಪೂರ್ವ ಕಾಲೇಜುಗಳಲ್ಲಿ, ಜೆ.ಓ.ಸಿ. ಎಂಬ ಉದ್ಯೋಗಾಧಾರಿತ ಕೋರ್ಸುಗಳು ಹಲವು ವರ್ಷ ನಡೆದು ಮುಚ್ಚಿದವು. ಅವುಗಳ ಬೋಧಕರನ್ನು 2011ರ ನಂತರ ಸರ್ಕಾರ ಬೇರೆ ಇಲಾಖೆಗಳಲ್ಲಿ ವಿಲೀನಗೊಳಿಸಿತು.

ಪಾಬಳದ ಪ್ರಯೋಗ

ಗ್ರಾಮೀಣ ಪ್ರೌಢಶಾಲೆಗೆಂದೇ ರೂಪುಗೊಂಡ, ಭಾರತದಲ್ಲಿ ಅತ್ಯಂತ ಗಟ್ಟಿಯಾಗಿ ನಿಂತ ಪ್ರಯೋಗ ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯದು. ಹಿಂದೂಸ್ತಾನ್ ಲಿವರ್‌ನಲ್ಲಿ ವಿಜ್ಞಾನಿಯಾಗಿದ್ದ ಡಾ. ಎಸ್.ಎಸ್. ಕಲಬಾಗ್ 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಅವರು ತಯಾರಿಸಿದ ಮೂಲ ತಂತ್ರಜ್ಞಾನ ಪರಿಚಯ ಎಂಬ ಕೋರ್ಸು 8ರಿಂದ 10ನೇ ತರಗತಿಯ ಮಕ್ಕಳಿಗೆ ವಾರದಲ್ಲಿ ಒಂದು ದಿನ. ಎಂಜಿನಿಯರಿಂಗ್, ಶಕ್ತಿ ಮತ್ತು ಪರಿಸರ, ಮನೆ ಮತ್ತು ಆರೋಗ್ಯ, ಕೃಷಿ ಮತ್ತು ಪಶುಪಾಲನೆ ಎಂದು ನಾಲ್ಕು ಭಾಗ. ನಾಲ್ಕನ್ನೂ ಹುಡುಗ ಹುಡುಗಿಯರಿಬ್ಬರೂ ಮಾಡಬೇಕು. ಹುಡುಗಿ ವೆಲ್ಡಿಂಗ್ ಮಾಡುತ್ತಾಳೆ, ಹುಡುಗ ಅಡುಗೆಯ ಪೌಷ್ಟಿಕಾಂಶ ಲೆಕ್ಕ ಹಾಕುತ್ತಾನೆ. ಮಹಾರಾಷ್ಟ್ರದ ಪ್ರೌಢ ಶಿಕ್ಷಣ ಮಂಡಳಿ ಇದನ್ನು ಐಚ್ಛಿಕ ವಿಷಯವಾಗಿ ಮಾನ್ಯ ಮಾಡಿತು.

ಇದು ಉಳಿದ ಯೋಜನೆಗಳಿಗಿಂತ ಬೇರೆಯಾಗುವ ಅಂಶ ಎರಡು. ಕಲಿಸುವವರು ಬಿ.ಎಡ್. ಆದವರಲ್ಲ, ಊರಿನಲ್ಲೇ ಆ ಕೆಲಸದಿಂದ ಬದುಕುವ ಕಸುಬುದಾರರು. ಮತ್ತು ಮಕ್ಕಳು ಮಾಡುವುದು ಮಾದರಿಗಳನ್ನಲ್ಲ, ಊರಿಗೆ ಬೇಕಾದ ಕೆಲಸವನ್ನು: ಶಾಲೆಯ ಗೇಟು, ಸಿಮೆಂಟಿನ ನೀರಿನ ತೊಟ್ಟಿ, ಮನೆಯ ವೈರಿಂಗು, ರೈತನ ಮಣ್ಣಿನ ಪರೀಕ್ಷೆ, ರಕ್ತದ ಗುಂಪು ಮತ್ತು ಹಿಮೋಗ್ಲೋಬಿನ್ ಪರೀಕ್ಷೆ. ಸಾಮಗ್ರಿಯ ಖರ್ಚನ್ನು ಮಾಡಿಸಿಕೊಂಡವರು ಕೊಡುತ್ತಾರೆ. ಗಾಂಧೀಜಿಯ ಸ್ವಾವಲಂಬನೆ ಇಲ್ಲಿ ಸಂಬಳದಿಂದ ಸಾಮಗ್ರಿಗೆ ಇಳಿದು, ಅಷ್ಟರಮಟ್ಟಿಗೆ ಸಾಧ್ಯವಾಯಿತು. ಕರ್ನಾಟಕದಲ್ಲಿ ಹಾವೇರಿ ಜಿಲ್ಲೆಯ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲ ಹೊಲ, ದನಕರು, ನೂಲುಗಳ ನಡುವೆ ಮಕ್ಕಳನ್ನು ಓದಿಸುವ ವಸತಿ ಶಾಲೆ. ಅದರ ಬೇರು ಪಾಬಳಕ್ಕಿಂತ ಗಾಂಧೀಜಿಯ ಸೇವಾಗ್ರಾಮಕ್ಕೆ ಹತ್ತಿರ.

ಎನ್‌ಎಸ್‌ಕ್ಯೂಎಫ್ ವಿಷಯಗಳು

2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಶಾಲೆಗಳಲ್ಲಿ ಎಲ್ಲರೂ ಅದನ್ನು ಎನ್‌ಎಸ್‌ಕ್ಯೂಎಫ್ ಎಂದೇ ಕರೆಯುತ್ತಾರೆ. ಈ ಚೌಕಟ್ಟಿನಡಿ 9ನೇ ತರಗತಿಯಿಂದ ವೃತ್ತಿ ವಿಷಯ ಕಲಿಸುವ ಯೋಜನೆ ಮೊದಲು ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಮೂಲಕ, 2018ರಿಂದ ಸಮಗ್ರ ಶಿಕ್ಷಣದ ಮೂಲಕ ನಡೆಯುತ್ತಿದೆ. ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೊಮೊಬೈಲ್, ಸೌಂದರ್ಯ ಮತ್ತು ಸ್ವಾಸ್ಥ್ಯ, ಉಡುಪು ತಯಾರಿಕೆ, ಎಲೆಕ್ಟ್ರಾನಿಕ್ಸ್ ಮತ್ತು ಹಾರ್ಡ್‌ವೇರ್ ಮುಂತಾದವು ಇವೆ.

ಕರ್ನಾಟಕದ ಜಾಣ್ಮೆ ಇರುವುದು ಇದಕ್ಕೆ ಜಾಗ ಕೊಟ್ಟ ರೀತಿಯಲ್ಲಿ. ಇದನ್ನು ಏಳನೆಯ ವಿಷಯವಾಗಿ ಹೊರಿಸಲಿಲ್ಲ, ತೃತೀಯ ಭಾಷೆಗೆ ಬದಲಿಯಾಗಿ ಇಟ್ಟರು. ಪರೀಕ್ಷಾ ವೇಳಾಪಟ್ಟಿಯಲ್ಲಿ ಹಿಂದಿ, ಸಂಸ್ಕೃತ, ಕೊಂಕಣಿ, ತುಳುಗಳ ಸಾಲಿನಲ್ಲೇ ಆಟೊಮೊಬೈಲ್ ಬರುತ್ತದೆ. 625ರ ಒಳಗೆ ಮೊದಲ ಬಾರಿಗೆ ಸಾಮಾನ್ಯ ಹಳ್ಳಿ ಹೈಸ್ಕೂಲಿನ ವೃತ್ತಿ ವಿಷಯಕ್ಕೆ ಕುರ್ಚಿ ಸಿಕ್ಕಿತು, ಮಕ್ಕಳೂ ಪಾಲಕರೂ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಇದರಲ್ಲೊಂದು ಓರೆಯೂ ಇದೆ. ಕೆಲವರು ವಿಷಯದ ಮೇಲಿನ ಆಸೆಗೆ ಬಂದರೆ ಕೆಲವರು ಹಿಂದಿಯಿಂದ ತಪ್ಪಿಸಿಕೊಳ್ಳಲು ಬರುತ್ತಾರೆ. ಬಂದವರು ಹೇಗೋ ಕಲಿತರೆ ಅದೇನೂ ನಷ್ಟವಲ್ಲ.

ಯಾವ ಶಾಲೆಗೆ ಯಾವ ವಿಷಯ ಎಂಬ ತೀರ್ಮಾನ ಹಲವು ಸಲ ಊರಿನ ಬದುಕಿಗೆ ಸಂಬಂಧವಿಲ್ಲದ ಹಾಗೆ ಆಗುತ್ತದೆ. ರೇಷ್ಮೆ ಬೆಳೆಯುವ ಶಿಡ್ಲಘಟ್ಟದ ಕಡೆಯ ಹುಡುಗನಿಗೆ ಹುಳು ಪೊರೆ ಬಿಡಲು ಯಾವಾಗ ಜ್ವರಕ್ಕೆ ಕೂರುತ್ತದೆ, ಹಣ್ಣಾದ ಹುಳುವನ್ನು ಯಾವಾಗ ಚಂದ್ರಿಕೆಗೆ ಬಿಡಬೇಕು ಎಂಬುದು ಮನೆಯಲ್ಲೇ ಗೊತ್ತು. ಅವನಿಗೆ ಬೇಕಾದದ್ದು ರೋಗದ ಪತ್ತೆ, ಉಷ್ಣತೆ-ತೇವದ ಲೆಕ್ಕ, ಗೂಡಿನ ಮಾರುಕಟ್ಟೆಯ ಹಿಕಮತ್ತು. ಪಠ್ಯಪುಸ್ತಕ ಅವನಿಗೆ ಮಾಲ್‌ನಲ್ಲಿ ಸಾಮಾನು ಜೋಡಿಸುವ ಕ್ರಮ ಹೇಳುತ್ತದೆ. ಕೃಷಿ ಪ್ರಧಾನ ಜಿಲ್ಲೆಗಳ ಶಾಲೆಗಳಲ್ಲಿ ಕೃಷಿಯೇ ಹಿಂದೆ ಬಿದ್ದಿರುವುದಕ್ಕೆ ಕಾರಣ ಇಲ್ಲದಿಲ್ಲ: ಕೌಶಲದ ಚೌಕಟ್ಟು ನೌಕರಿಯ ಹುದ್ದೆಗಳನ್ನು ಲೆಕ್ಕಹಾಕಿ ಕಟ್ಟಿದ್ದು.

ಉಡುಪು ತಯಾರಿಕೆಯಲ್ಲಿ ಇನ್ನೊಂದು ಅಂತರ ಕಾಣುತ್ತದೆ. ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಬಸ್ಸುಗಳು ಬೆಳಿಗ್ಗೆ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತವೆ. ಅಲ್ಲಿರುವುದು ಕರೆಂಟಿನ ಜೂಕಿ ಮಷಿನ್. ಒಬ್ಬಾಕೆಗೆ ದಿನವಿಡೀ ಕಾಲರ್ ಮಾತ್ರ, ಪಕ್ಕದವಳಿಗೆ ಜೇಬು ಮಾತ್ರ, ಗಂಟೆಗೆ ಇಷ್ಟು ಎಂಬ ಟಾರ್ಗೆಟ್. ಶಾಲೆ ಇಡೀ ರವಿಕೆ ಕತ್ತರಿಸಿ ಹೊಲಿಯುವುದನ್ನು ಕಲಿಸುತ್ತದೆ. ಕಾರ್ಖಾನೆಗೆ ಆ ವಿದ್ಯೆ ಬೇಕಿಲ್ಲ. ಊರಿನಲ್ಲಿ ಟೈಲರ್ ಅಂಗಡಿ ಇಡುವವಳಿಗೆ ಬೇಕಾದದ್ದು ಅದೇ ವಿದ್ಯೆ. ಶಾಲೆ ಯಾರಿಗಾಗಿ ಕಲಿಸಬೇಕು ಎಂಬುದು ಇಲ್ಲಿ ಬರಿಯ ತಾತ್ವಿಕ ಪ್ರಶ್ನೆಯಲ್ಲ.

ತರಬೇತುದಾರರು ಬಹುಪಾಲು ಹೊರಗುತ್ತಿಗೆಯವರು. ಕಾಯಂ ಶಿಕ್ಷಕರಿಗಿಂತ ತೀರ ಕಡಿಮೆ ಸಂಬಳಕ್ಕೆ ದುಡಿಯುವ ಇವರು ಒಳ್ಳೆಯ ನೌಕರಿ ಸಿಕ್ಕ ಕೂಡಲೇ ಬಿಟ್ಟುಹೋದರೆ ತಪ್ಪು ಹೇಳುವಂತಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇದ್ದು ಕಲಿಸುವವರಿಲ್ಲದಂತಾಗುವುದು ಹೀಗೆ.

ಇದಲ್ಲದೆ 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಬಂದಿವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. ಸೆನ್ಸರ್, 3ಡಿ ಪ್ರಿಂಟರ್ ಮುಂತಾದವು ಇದ್ದರೂ ಇವು ಕಸುಬು ಕಲಿಸುವ ಜಾಗಗಳಲ್ಲ.

ಪಾಲಕರ ಲೆಕ್ಕಾಚಾರ

ಹಳ್ಳಿಯ ಅಪ್ಪ-ಅಮ್ಮಂದಿರು ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದು ಮಣ್ಣಿನ ಕೆಲಸದಿಂದ ಬಿಡಿಸಲು. ಅಲ್ಲಿಯೂ ಗುದ್ದಲಿ ಕೊಟ್ಟರೆ ಅವರಿಗೆ ಕೋಪ ಬರುವುದು ಸಹಜ. ಇದನ್ನು ದುಡಿಮೆಯ ಬಗೆಗಿನ ಕೀಳರಿಮೆ ಎಂದು ಬೈಯುವುದು ಸುಲಭ, ಸರಿಯಲ್ಲ. ಫಿಲಿಪ್ ಫಾಸ್ಟರ್ ಎಂಬ ವಿದ್ವಾಂಸ 1965ರಲ್ಲಿ ಘಾನಾದ ಶಾಲೆಗಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದೇ ಮಾತು ಹೇಳಿದ: ವಿದ್ಯಾರ್ಥಿಗಳು ಓದಿನ ಕೋರ್ಸನ್ನು ಆರಿಸುವುದು ಮಬ್ಬಿನಿಂದಲ್ಲ, ಗುಮಾಸ್ತನ ಸಂಬಳ ಕುಶಲಕರ್ಮಿಯ ಸಂಬಳಕ್ಕಿಂತ ಹೆಚ್ಚಾಗಿರುವುದರಿಂದ, ಸಂಬಳ ಬದಲಿಸದೆ ಪಠ್ಯ ಬದಲಿಸಿದರೆ ಏನೂ ಆಗದು. ಕರ್ನಾಟಕದ ಪಾಲಕರ ಲೆಕ್ಕವೂ ಇದೇ. ಅದರ ಮೇಲೆ ಜಾತಿಯ ಭಾರ ಬೇರೆ. ಚರ್ಮದ ಕೆಲಸ, ಕ್ಷೌರ, ಮಡಕೆ ಮಾಡುವಂಥ ಕಸುಬುಗಳಿಗೆ ಒಂದೊಂದು ಜಾತಿಯ ಹೆಸರು ಅಂಟಿರುವ ಊರಿನಲ್ಲಿ ಅವನ್ನು ಶಾಲೆಗೆ ತಂದಾಗ ಯಾವ ಮಕ್ಕಳು ಕೂರುತ್ತಾರೆ, ಯಾವ ಮಕ್ಕಳು ಎದ್ದು ಹೋಗುತ್ತಾರೆ ಎಂಬುದು ಮೇಷ್ಟ್ರಿಗೆ ಮೊದಲೇ ಗೊತ್ತು. ಎಲ್ಲರಿಗೂ ಎಲ್ಲ ಕೆಲಸ ಎಂಬ ಪಾಬಳದ ನಿಯಮ ಈ ಗಂಟನ್ನು ಪೂರ್ತಿ ಬಿಚ್ಚದಿದ್ದರೂ ಸಡಿಲಿಸುತ್ತದೆ. ಕಂಪ್ಯೂಟರ್ ವಿಷಯಕ್ಕೆ ಎಲ್ಲೆಡೆ ನೂಕುನುಗ್ಗಲು ಇರುವುದಕ್ಕೂ ಇದೊಂದು ಕಾರಣ. ಕೀಲಿಮಣೆಗೆ ಜಾತಿಯ ಹೆಸರಿಲ್ಲ.

2023ರಲ್ಲಿ ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ನಡುವೆ ನಡೆದ ಅಸರ್ ಸಮೀಕ್ಷೆಯಲ್ಲಿ ವೃತ್ತಿ ತರಬೇತಿ ಪಡೆಯುತ್ತಿದ್ದವರು ಶೇ. 5.6 ಮಾತ್ರ, ಅವರಲ್ಲೂ ಹೆಚ್ಚಿನವರದು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕೋರ್ಸು. ಹಳ್ಳಿಯ ಯುವಜನ ಕಸುಬಿಗೆ ಬರುವುದು ಹೆಚ್ಚಾಗಿ ಶಾಲೆ ಬಿಟ್ಟ ಮೇಲೆ. ಕರ್ನಾಟಕದಲ್ಲಿ ಆ ವಯಸ್ಸಿನವರಿಗೆ ದಾರಿ ತೋರಿದ್ದು 1982ರಲ್ಲಿ ಉಜಿರೆಯಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ. ಅಲ್ಲಿನ ಅಲ್ಪಾವಧಿ ತರಬೇತಿಯ ಮಾದರಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿತು.

ಈಚಿನ ಬೆಳವಣಿಗೆ

2020ರ ನೀತಿಯನ್ನು ಅನುಸರಿಸಿ 2023ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವೃತ್ತಿ ಶಿಕ್ಷಣವನ್ನು 6ನೇ ತರಗತಿಯಿಂದ ಎಲ್ಲರಿಗೂ ಕಡ್ಡಾಯ ಮಾಡಬೇಕೆನ್ನುತ್ತದೆ. ಕೆಲಸವನ್ನು ಅದು ಮೂರಾಗಿ ವಿಂಗಡಿಸಿದೆ: ಜೀವಿಗಳೊಡನೆ ಕೆಲಸ, ಯಂತ್ರ ಮತ್ತು ವಸ್ತುಗಳೊಡನೆ ಕೆಲಸ, ಜನರ ಸೇವೆಯ ಕೆಲಸ. ನೌಕರಿಯ ಹೆಸರುಗಳಿಂದ ಹೊರಟ ಎನ್‌ಎಸ್‌ಕ್ಯೂಎಫ್‌ಗಿಂತ ಇದು ಹಳ್ಳಿ ಶಾಲೆಗೆ ಹೆಚ್ಚು ಹೊಂದುವ ವಿಂಗಡಣೆ. ಹಸು, ಪಂಪ್‌ಸೆಟ್, ಅಂಗನವಾಡಿ ಮೂರೂ ಅದರಲ್ಲಿ ಜಾಗ ಪಡೆಯುತ್ತವೆ. ಕರ್ನಾಟಕ ಸರ್ಕಾರ ರಾಷ್ಟ್ರೀಯ ನೀತಿಯನ್ನು ಒಪ್ಪದೆ 2023ರಲ್ಲಿ ಸುಖದೇವ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ನೇಮಿಸಿತು.

ಎರಡು ನೀತಿಗಳ ನಡುವೆ ನಿಂತ ವಿದ್ಯಾರ್ಥಿಯ ತೊಡಕು ಹೆಚ್ಚು ಸರಳವಾದದ್ದು. ಹತ್ತನೆಯಲ್ಲಿ ಆಟೊಮೊಬೈಲ್ ಓದಿ ಒಳ್ಳೆಯ ಅಂಕ ಪಡೆದ ಹುಡುಗ ಅದನ್ನೇ ಮುಂದುವರಿಸಲು ಬಯಸಿದರೆ ಆ ವಿಷಯ ಇರುವ ಪದವಿಪೂರ್ವ ಕಾಲೇಜುಗಳು ಕೆಲವೇ. ಐಟಿಐಗೆ ಹೋದರೆ ಅಲ್ಲಿ ಮೊದಲ ಪಾಠದಿಂದಲೇ ಶುರು ಮಾಡಬೇಕು, ಎರಡು ವರ್ಷ ಕಲಿತದ್ದಕ್ಕೆ ಅವಧಿಯಲ್ಲಿ ರಿಯಾಯಿತಿ ಇಲ್ಲ. ಹೀಗಾಗಿ ಬಹುಪಾಲು ಮಕ್ಕಳು ಆಟೊಮೊಬೈಲನ್ನು ಅಂಕಪಟ್ಟಿಯಲ್ಲಿ ಬಿಟ್ಟು ಹತ್ತಿರದ ಕಾಲೇಜಿನಲ್ಲಿ ಕಲಾ ಅಥವಾ ವಾಣಿಜ್ಯ ವಿಭಾಗಕ್ಕೆ ಸೇರುತ್ತಾರೆ.